ಹಾರ್ಟಿನ ಮಗು

ಆ ಬೀದಿಯಲ್ಲಿ ಅವನನ್ನು ಎಲ್ಲರೂ ರೇಡಿಯೋ ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ಸಲೂನಿನ ಶಟರ್ ಎತ್ತಿದಾಗ ಶುರುವಾದ ಮಾತು ಶಟರ್ ಇಳಿಯುವವರೆಗೆ ನಿಲ್ಲುತ್ತಿರಲಿಲ್ಲ. ಕೈಯಲ್ಲಿ ಕತ್ತರಿ ಎಷ್ಟು ಚುರುಕೋ ಬಾಯಲ್ಲಿ ನಾಲಿಗೆಯೂ ಅಷ್ಟೇ ಚುರುಕು. ಕೂದಲು ಕತ್ತರಿಸಿಕೊಳ್ಳುವವರ ಜೊತೆಗೆ ತಲೆಯಲ್ಲಿ ಕೂದಲೇ ಇಲ್ಲದವರೂ ಬಂದು, ಗೋಡೆಬದಿಯ ಬೆಂಚಿನಲ್ಲಿ ಪೇಪರ್ ಹಿಡಿದು ಕೂತು, ಪೇಪರ್ ಬಿಟ್ಟು ಅವನ ಮಾತನ್ನೇ ಕೇಳುತ್ತಿದ್ದರು.

ಅಡ್ಡಹೆಸರು ಇಡುವುದರಲ್ಲಂತೂ ಅವನದು ಎತ್ತಿದ ಕೈ. ಮದುವೆಯಾದ ಮರುವಾರ ಮೀಸೆ ತೆಗೆಸಲು ಬಂದವನಿಗೆ 'ಅಪ್ಪಣೆ' ಎಂದು ಹೆಸರಿಟ್ಟ. ಎರಡು ಕಿವಿಗಳ ಪಕ್ಕದ ಕೃದಾ ಸಮವಾಗಿದೆಯೇ ಎಂದು ಹತ್ತು ಸಲ ಕನ್ನಡಿ ನೋಡುವ ಔಷಧಿ ಅಂಗಡಿಯವನಿಗೆ 'ತಕ್ಕಡಿ'. ಅವನು ಇಟ್ಟ ಹೆಸರು ಕೆಲವೇ ದಿನಗಳಲ್ಲಿ ಬೀದಿಯ ಈ ತುದಿಯಿಂದ ಆ ತುದಿಗೆ ಹಬ್ಬಿಬಿಡುತ್ತಿತ್ತು. ಮೂತ್ರದ ತೊಂದರೆಗೆ ಆಪರೇಷನ್ ಆಗಿ, ಪ್ಯಾಂಟಿನೊಳಗೆ ನಳಿಕೆ, ಚೀಲ ಇಟ್ಟುಕೊಂಡು ಓಡಾಡುತ್ತಿದ್ದ ನಿವೃತ್ತ ಗುಮಾಸ್ತರೊಬ್ಬರಿಗೆ 'ನಲ್ಲಿ ಸಾಹೇಬ್ರು' ಎಂದಿದ್ದ. ಅವರು ಅದಾದ ಮೇಲೆ ಸಲೂನಿನ ಕಡೆ ತಲೆ ಹಾಕಲಿಲ್ಲ. ಒಂದು ಗಿರಾಕಿ ಹೋಯಿತಲ್ಲ ಎಂದು ಯಾರೋ ಅಂದಾಗ, "ನಲ್ಲಿ ಬಂದ್ ಆಯ್ತು ಅಂದ್ಕೋ" ಎಂದು ಮತ್ತೆ ಎಲ್ಲರನ್ನೂ ನಗಿಸಿದ್ದ.

ಅವನ ಹೆಂಡತಿ ಎದುರು ಸಾಲಿನ ಬೇಕರಿಯಲ್ಲಿ ಕೆಲಸ ಮಾಡುತ್ತಿದ್ದಳು. ಗಂಡನಿಗೆ ತದ್ವಿರುದ್ಧ, ಮಾತು ಅಳೆದು ತೂಗಿ. ಮದುವೆಯಾಗಿ ಬಹಳ ವರ್ಷಗಳ ಮೇಲೆ ಅವಳು ಬಸುರಿಯಾದಾಗ ಸಲೂನಿನಲ್ಲಿ ಅದೇ ಸುದ್ದಿ. ಮಗುವಿಗೆ ಏನು ಅಡ್ಡಹೆಸರು ಬೀಳುತ್ತದೋ ಎಂದು ಬೆಂಚಿನವರು ಬಾಜಿ ಕಟ್ಟಿಕೊಂಡಿದ್ದರು.

ಗಂಡು ಮಗು ಹುಟ್ಟಿತು. ಗಟ್ಟಿಯಾಗಿ ಅತ್ತಿತು, ತೂಕವೂ ಚೆನ್ನಾಗಿತ್ತು. ರೇಡಿಯೋ ಹೆರಿಗೆ ಕೋಣೆಯ ಹೊರಗೆ ನಿಂತು ಅಕ್ಕನಿಗೆ, ಬೇಕರಿಯವರಿಗೆ, ಸಲೂನಿನ ಬೆಂಚಿನವರಿಗೆ ಒಂದೇ ಉಸಿರಿನಲ್ಲಿ ಫೋನ್ ಮಾಡಿ ಮುಗಿಸಿದ್ದ. ಅಷ್ಟರಲ್ಲಿ ಒಳಗಿನಿಂದ ಸಿಸ್ಟರ್ ಬಂದು, "ಮಗುವಿನ ಅಪ್ಪ ಯಾರು? ಸ್ವಲ್ಪ ಒಳಗೆ ಬನ್ನಿ" ಎಂದಳು. ಅವಳ ಮುಖದಲ್ಲಿ ನಗು ಇರಲಿಲ್ಲ.

ಮಗುವನ್ನು ಒರೆಸಿ ಶುಚಿ ಮಾಡುವಾಗ ಸಿಸ್ಟರಿಗೆ ಗೊತ್ತಾಗಿತ್ತು. ಕುಂಡೆಯ ನಡುವೆ ಒಂದು ಸಣ್ಣ ಗುಳಿ ಇತ್ತು, ದ್ವಾರ ಇರಲಿಲ್ಲ. ಚರ್ಮ ಮುಚ್ಚಿಕೊಂಡಿತ್ತು.

"ಹಾಲು ಕೊಡ್ಬೇಡಿ ಈಗ್ಲೇ. ಮಕ್ಕಳ ಸರ್ಜನ್ ಬಂದು ನೋಡ್ತಾರೆ" ಎಂದಷ್ಟೇ ಹೇಳಿ ಸಿಸ್ಟರ್ ಮಗುವನ್ನು ಎತ್ತಿಕೊಂಡು ಹೋದಳು.

ಸರ್ಜನ್ ನಡುವಯಸ್ಸಿನ ಹೆಂಗಸು. ಗಂಡಹೆಂಡಿರನ್ನು ಕೂರಿಸಿಕೊಂಡು, ತೊಟ್ಟಿದ್ದ ಬಿಳಿ ಕೋಟಿನ ತೋಳನ್ನು ಕೈಬೆರಳು ಮುಚ್ಚುವಷ್ಟು ಕೆಳಗೆ ಎಳೆದು, ತುದಿಯನ್ನು ಇನ್ನೊಂದು ಕೈಯಿಂದ ಹಿಡಿದು ಮುಚ್ಚಿದಳು.

"ಕರುಳು ಇಲ್ಲಿವರೆಗೂ ಸರಿಯಾಗಿ ಬಂದಿದೆ ಅಂದ್ಕೊಳ್ಳಿ. ಕೈ ಆಚೆ ಬರೋಕೆ ತುದೀಲಿ ಬಾಯಿ ಬೇಕಲ್ವಾ? ಆ ಬಾಯಿ ಮೂಡಿಲ್ಲ. ಕೆಲವು ಗಂಡು ಮಕ್ಕಳಲ್ಲಿ ಈ ತುದಿಯಿಂದ ಒಂದು ಸಣ್ಣ ದಾರಿ ಮೂತ್ರದ ನಾಳಕ್ಕೆ ಸೇರ್ಕೊಂಡಿರುತ್ತೆ. ಇವನಿಗೂ ಹಾಗೇ ಇದ್ಯಾ ಅಂತ ಒಂದು ದಿನ ಕಾದು ನೋಡ್ತೀವಿ. ಮೂತ್ರದಲ್ಲಿ ಮಲ ಕಾಣಿಸಿಕೊಂಡ್ರೆ ಗೊತ್ತಾಗುತ್ತೆ."

ಹೆಂಡತಿ ಕೇಳಿದಳು, "ನಾನೇನಾದ್ರೂ ತಿನ್ನಬಾರದ್ದು ತಿಂದ್ನಾ? ಬೇಕರಿ ಒಲೆ ಮುಂದೆ ನಿಲ್ತಿದ್ದೆ."

"ಇಲ್ಲ. ಇದು ಬಸುರಿ ಅಂತ ನಿಮಗೇ ಸರಿಯಾಗಿ ಗೊತ್ತಾಗೋ ಹೊತ್ತಿಗೆ, ಮೊದಲ ವಾರಗಳಲ್ಲೇ ಆಗಿ ಹೋಗಿರುತ್ತೆ. ನೀವು ಮಾಡಿದ್ದರಿಂದ ಆಗಿದ್ದಲ್ಲ, ನೀವು ಬಿಟ್ಟಿದ್ದರಿಂದ ಆಗಿದ್ದೂ ಅಲ್ಲ. ಸಾವಿರಾರು ಮಕ್ಕಳಲ್ಲಿ ಒಂದಕ್ಕೆ ಹೀಗಾಗುತ್ತೆ. ಸರಿ ಮಾಡಬಹುದು, ಆದರೆ ಒಂದೇ ಸಲಕ್ಕೆ ಆಗಲ್ಲ. ಮೊದಲು ಹೊಟ್ಟೆ ಮೇಲೆ ಕರುಳಿಗೆ ಒಂದು ಬಾಯಿ ಮಾಡ್ತೀವಿ, ಮಲ ಅಲ್ಲಿಂದ ಚೀಲಕ್ಕೆ ಬರುತ್ತೆ. ಮಗು ಬೆಳೀಲಿ. ಕೆಲವು ತಿಂಗಳಾದ ಮೇಲೆ ಇರಬೇಕಾದ ಜಾಗದಲ್ಲಿ ದ್ವಾರ ಮಾಡ್ತೀವಿ. ಅದು ವಾಸಿಯಾದ ಮೇಲೆ ಹೊಟ್ಟೆ ಮೇಲಿನದನ್ನ ಮುಚ್ತೀವಿ."

ಹೆಂಡತಿ ತಲೆಯಾಡಿಸುತ್ತಾ ಒಂದೊಂದೇ ಪ್ರಶ್ನೆ ಕೇಳುತ್ತಿದ್ದಳು. ರೇಡಿಯೋಗೆ ನಾಲಿಗೆಯೇ ಹೊರಳಲಿಲ್ಲ. ಅವನಿಗೆ ಕಣ್ಣ ಮುಂದೆ ಕಾಣುತ್ತಿದ್ದುದು ಸಲೂನಿನ ಬೆಂಚು. ತಾನೇ ಅಲ್ಲಿದ್ದು, ಇಂಥ ಮಗು ಬೇರೆ ಯಾರಿಗಾದರೂ ಹುಟ್ಟಿದ್ದರೆ, ಏನು ಹೆಸರಿಡುತ್ತಿದ್ದೆ ಎಂದು ಯೋಚನೆ ಬಂತು. ಬೇಡ ಬೇಡವೆಂದರೂ ಹೆಸರು ತಾನಾಗಿಯೇ ಬಾಯಿಗೆ ಬಂತು. ಒಂದಲ್ಲ, ಎರಡು ಮೂರು. ಅವನು ತಲೆ ತಗ್ಗಿಸಿ ನೆಲದ ಟೈಲ್ಸ್ ನೋಡುತ್ತಾ ಕೂತ.

ಇಂಥ ಮಕ್ಕಳಲ್ಲಿ ಬೇರೆ ಅಂಗಗಳಲ್ಲೂ ತೊಂದರೆ ಇರಬಹುದು ಎಂದು ಬೆನ್ನುಮೂಳೆ, ಮೂತ್ರಪಿಂಡ, ಹೃದಯ ಎಲ್ಲವನ್ನೂ ಪರೀಕ್ಷಿಸಿದರು. ಬೆನ್ನುಮೂಳೆ ಸರಿಯಿತ್ತು, ಮೂತ್ರಪಿಂಡ ಸರಿಯಿತ್ತು. ಹೃದಯದಲ್ಲಿ ಸೂಜಿಮೊನೆಯಷ್ಟು ತೂತಿತ್ತು.

"ಇದಕ್ಕೆ ತಲೆ ಕೆಡಿಸ್ಕೊಳ್ಳೋದು ಬೇಡ. ತಾನಾಗೇ ಮುಚ್ಚಿಕೊಳ್ಳುತ್ತೆ" ಎಂದಳು ಸರ್ಜನ್.

ಆ ಹೊತ್ತಿಗೆ ಅಕ್ಕನ ಫೋನ್ ಬಂತು. ತಂದೆತಾಯಿ ಇಲ್ಲದ ಮನೆಯಲ್ಲಿ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ. "ಮಗೂನ ಯಾಕೋ ಐಸಿಯುಗೆ ಹಾಕಿದ್ದಾರಂತೆ, ಏನಾಯ್ತೋ?" ಎಂದಳು.

"ಹಾರ್ಟು ಕಣಕ್ಕ" ಎಂದ ರೇಡಿಯೋ. "ಹಾರ್ಟಲ್ಲಿ ತೂತು."

ಪೂರ್ತಿ ಸುಳ್ಳೂ ಅಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಪಕ್ಕದಲ್ಲಿದ್ದ ಹೆಂಡತಿ ಅವನ ಮುಖ ನೋಡಿದಳು.

ಮೂತ್ರದಲ್ಲಿ ಮಲ ಕಂಡಿತು. ಮಾರನೆಯ ದಿನ ಮಗುವಿಗೆ ಮೊದಲ ಆಪರೇಷನ್ ಆಯಿತು. ಹೊಟ್ಟೆಯ ಎಡಭಾಗದಲ್ಲಿ ಕೆಂಪಗೆ, ಒದ್ದೆಯಾಗಿ, ಗುಲಾಬಿ ಮೊಗ್ಗಿನಷ್ಟು ಕರುಳಿನ ತುದಿ. ಅದರ ಸುತ್ತ ಅಂಟಿಸಿದ ಪಾರದರ್ಶಕ ಚೀಲ. ಸಿಸ್ಟರ್ ಇಬ್ಬರನ್ನೂ ಕರೆದು, ಚೀಲ ಹೇಗೆ ಖಾಲಿ ಮಾಡುವುದು, ಅಂಟಿಸುವ ಬಿಲ್ಲೆಯಲ್ಲಿ ಕರುಳಿನ ತುದಿ ತೂರುವ ತೂತನ್ನು ಎಷ್ಟು ಅಗಲಕ್ಕೆ ಕತ್ತರಿಸುವುದು, ಸುತ್ತಲ ಚರ್ಮ ಹೇಗೆ ಒರೆಸುವುದು ಎಂದು ತೋರಿಸತೊಡಗಿದಳು. ರೇಡಿಯೋ ಒಂದು ನೋಟ ನೋಡಿದವನೇ, "ಟೀ ತರ್ತೀನಿ" ಎಂದು ಹೊರಗೆ ಹೋದ. ಮರುದಿನ ಸಿಸ್ಟರ್ ಬರುವ ಹೊತ್ತಿಗೆ ಅವನಿಗೆ ಔಷಧಿ ತರುವುದಿತ್ತು. ಅದರ ಮರುದಿನ ಫೋನ್ ಬಂತು. ಕೊನೆಗೆ ಸಿಸ್ಟರ್, "ನಿಮ್ಮೆಜಮಾನ್ರು ಬಹಳ ಬಿಜಿ ಅಂತ ಕಾಣುತ್ತೆ" ಎಂದು ಹೆಂಡತಿಗೊಬ್ಬಳಿಗೇ ಹೇಳಿಕೊಟ್ಟಳು. ಜೀವನವೆಲ್ಲ ಕತ್ತರಿ ಹಿಡಿದ ಗಂಡನಿದ್ದೂ, ಆ ಬಿಲ್ಲೆಯ ತೂತನ್ನು ದುಂಡಗೆ ಕತ್ತರಿಸಲು ಕಲಿತವಳು ಬಿಸ್ಕತ್ತು ಕಟ್ಟುವ ಹೆಂಡತಿ.

ಮನೆಗೆ ಬಂದ ಮೇಲೆ ಸುಳ್ಳಿಗೆ ಕೈಕಾಲು ಬೆಳೆದವು. ಬೀದಿಯಲ್ಲಿ ಅದು 'ಹಾರ್ಟಿನ ಮಗು' ಎಂದಾಯಿತು. ತಕ್ಕಡಿ ದೊಡ್ಡ ಹೃದಯತಜ್ಞರೊಬ್ಬರ ನಂಬರ್ ತಂದುಕೊಟ್ಟ. ಆಟೋದವರು ಮನೆ ಮುಂದೆ ಹಾರ್ನ್ ಹೊಡೆಯುವುದನ್ನು ಬಿಟ್ಟರು. ಬೇಕರಿಯ ಯಜಮಾನ ತನ್ನ ಎದೆಯ ಅಂಗಿ ಸರಿಸಿ, ತನಗೂ ಆಗಿದ್ದ ಆಪರೇಷನ್ನಿನ ಗಾಯದ ಗೆರೆ ತೋರಿಸಿ, "ನನ್ನ ನೋಡು, ಕಲ್ಲು ಗುಂಡು. ನಿನ್ನ ಮಗನೂ ಹೀಗೇ ಆಗ್ತಾನೆ" ಎಂದು ಧೈರ್ಯ ಹೇಳಿದ. ರೇಡಿಯೋ ಎಲ್ಲದಕ್ಕೂ ತಲೆಯಾಡಿಸಿದ. ಹೃದಯವೆಂದರೆ ಜನ ಮರ್ಯಾದೆ ಕೊಡುತ್ತಾರೆ, ಧ್ವನಿ ತಗ್ಗಿಸಿ ಮಾತಾಡುತ್ತಾರೆ ಎಂದು ಅವನಿಗೆ ಕಂಡುಬಂದಿತ್ತು. ಅದೇ ಮಗುವಿನ ದೇಹದಲ್ಲಿ ಒಂದು ಗೇಣು ಕೆಳಗಿನ ಜಾಗಕ್ಕೆ ಆ ಮರ್ಯಾದೆ ಇರಲಿಲ್ಲ.

ಯಾರಾದರೂ ಮಗು ನೋಡಲು ಬಂದರೆ ಅವನು ಹೆಂಡತಿಗೆ ಮೊದಲೇ ಹೇಳುತ್ತಿದ್ದ, "ಹೊಟ್ಟೆ ಸುತ್ತ ಬಟ್ಟೆ ಸ್ವಲ್ಪ ಬಿಗಿಯಾಗಿ ಕಟ್ಟೇ, ಉಬ್ಬು ಕಾಣ್ತಿದೆ."

"ಬಿಗಿ ಕಟ್ಟಬಾರದು ಅಂತ ಸಿಸ್ಟರ್ ಹೇಳಿದ್ದಾರೆ ಕಣ್ರೀ."

"ಒಂದರ್ಧ ಗಂಟೆ ಅಷ್ಟೇ. ಅವರು ಹೋದ ಮೇಲೆ ಬಿಚ್ಚು."

ಅವಳು ಕಟ್ಟುತ್ತಿದ್ದಳು. ವಾಸನೆ ಬಂದೀತೆಂದು ಅವನು ಊದುಬತ್ತಿ ಹಚ್ಚಿ, ಫ್ಯಾನ್ ಜೋರು ಮಾಡಿ, ಬಂದವರಿಗೆ ಬಾಗಿಲ ಹತ್ತಿರದ ಕುರ್ಚಿಯನ್ನೇ ಕೊಡುತ್ತಿದ್ದ. ಅವರು ಹೋದ ಮೇಲೆ ಬೆವರಿಳಿದು ಕೂತಿರುತ್ತಿದ್ದ.

ಒಂದು ದಿನ ಬಟ್ಟೆ ಬಿಚ್ಚುತ್ತಾ ಅವಳು ಕೇಳಿಯೇಬಿಟ್ಟಳು, "ನಿಮಗೆ ಇವನಂದ್ರೆ ನಾಚಿಕೆನಾ?"

"ಛೆ, ಏನು ಮಾತು ಅಂತ ಆಡ್ತೀಯ. ಅವನಿಗೋಸ್ಕರನೇ ಕಣೇ ನಾನು ಹೇಳ್ತಿರೋದು. ನಾಳೆ ಬೆಳೆದು ಬೀದೀಲಿ ಓಡಾಡ್ಬೇಕಾದವನು. ಜನ ಒಂದು ಹೆಸರಿಟ್ರೆ ಸಾಯೋವರೆಗೂ ಬಿಡಲ್ಲ. ನಿನಗೆ ಗೊತ್ತಿಲ್ಲ."

"ನನಗೆ ಗೊತ್ತಿದೆ. ಇಡೋರು ಯಾರು ಅಂತಾನೂ ಗೊತ್ತಿದೆ."

ಅವಳು ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಚೀಲ ಬದಲಿಸುತ್ತಾ, ಮಗುವಿನ ಮುಖ ನೋಡುತ್ತಾ ಹೇಳಿದಳು. ಆದರೂ ಅವನಿಗೆ ಕಪಾಳಕ್ಕೆ ಬಿದ್ದಂತಾಯಿತು. ಆ ವಾರವೇ ನಿವೃತ್ತ ಗುಮಾಸ್ತರು ರಸ್ತೆಯಲ್ಲಿ ಎದುರಾದರು. ಯಾವತ್ತಿನಂತೆ ಗೋಡೆ ಪಕ್ಕಕ್ಕೆ ಸರಿದು, ನಿಧಾನವಾಗಿ ಕಾಲೆಳೆದುಕೊಂಡು ಬರುತ್ತಿದ್ದರು. ರೇಡಿಯೋ ಒಂದು ಮಾತಾಡಬೇಕೆಂದುಕೊಂಡ. ಬಾಯಿ ಬರಲಿಲ್ಲ. ಅಂಗಡಿಯೊಂದರ ಒಳಗೆ ನುಗ್ಗಿ, ಬೇಡದ ಸೋಪು ಕೊಂಡು, ಅವರು ದಾಟಿ ಹೋಗುವವರೆಗೂ ಅಲ್ಲೇ ನಿಂತ.

ಮಗು ಕತ್ತು ನಿಲ್ಲಿಸುವ ಹೊತ್ತಿಗೆ ಹೆಂಡತಿಯ ರಜೆ ಮುಗಿಯಿತು. ಬೆಳಗಿನ ಪಾಳಿಗೆ ಅವಳು ಹೋಗಲೇಬೇಕಿತ್ತು. ಮಗುವನ್ನು ನೋಡಿಕೊಳ್ಳಲು ಅಕ್ಕ ಬಂದಳು.

"ಅತ್ತಿಗೆಗೆ ಹೇಳಿಬಿಡೋಣ. ಅವರೇನು ಹೊರಗಿನೋರಾ?" ಎಂದಳು ಹೆಂಡತಿ.

"ಅಕ್ಕನ ಬಾಯಲ್ಲಿ ಮಾತು ನಿಲ್ಲಲ್ಲ. ನಾನು ಅವಳ ತಮ್ಮ, ನನಗೆ ಗೊತ್ತಿಲ್ವಾ? ನೀನು ಹೋಗೋ ಮುಂಚೆ ಚೀಲ ಖಾಲಿ ಮಾಡಿ, ಬಟ್ಟೆ ಬಿಗಿಯಾಗಿ ಕಟ್ಟಿ ಹೋಗು, ಬಂದ ಮೇಲೆ ಬಿಚ್ಚಿ ಮತ್ತೆ ಖಾಲಿ ಮಾಡು. ನಡುವೆ ಏನೂ ಬೇಕಾಗಲ್ಲ."

ಅವಳು ಅರ್ಧ ಮನಸ್ಸಿನಿಂದ ಒಪ್ಪಿದಳು. ಅಕ್ಕನಿಗೆ ಅವನು ಹೇಳಿದ್ದು ಇಷ್ಟೇ: "ಆಪರೇಷನ್ ಆದ ಜಾಗಕ್ಕೆ ಪಟ್ಟಿ ಕಟ್ಟಿದೆ ಅಕ್ಕ. ಬಟ್ಟೆ ಮಾತ್ರ ಬಿಚ್ಚಬೇಡ. ಹಾಲು ಕುಡಿಸು, ಮಲಗಿಸು, ಸಾಕು."

"ಹಾರ್ಟಿನ ಪಟ್ಟಿ ಹೊಟ್ಟೆ ಮೇಲೆ ಯಾಕೋ?" ಎಂದಳು ಅಕ್ಕ.

"ಈಗೆಲ್ಲ ಹಾಗೇ ಮಾಡ್ತಾರೆ. ಹೊಸ ಥರ" ಎಂದ ತಮ್ಮ.

ಮೊದಲ ದಿನ ಏನೂ ಆಗಲಿಲ್ಲ. ಎರಡನೆಯ ದಿನ ಮಗು ಬೆಳಿಗ್ಗೆಯಿಂದಲೇ ರಚ್ಚೆ ಹಿಡಿದು ಅಳುತ್ತಿತ್ತು. ಅಕ್ಕ ಎತ್ತಿ ಆಡಿಸಿದಳು, ತೊಟ್ಟಿಲು ತೂಗಿದಳು, ಹಾಲು ಕುಡಿಸಲು ನೋಡಿದಳು. ಕುಡಿದದ್ದೆಲ್ಲ ವಾಂತಿಯಾಯಿತು. ಅತ್ತು ಅತ್ತು ಮುಖ ಬಿಳಿಚಿಕೊಂಡು ತುಟಿ ಒಣಗಿದ್ದು ಕಂಡಾಗ ಅಕ್ಕ ಮಗುವನ್ನು ಎತ್ತಿ ಅವಚಿಕೊಂಡಳು. ಹಾರ್ಟೇ ನಿಂತುಹೋಗುತ್ತಿದೆ ಎಂದುಕೊಂಡು, ಚಪ್ಪಲಿಯೂ ಮೆಟ್ಟದೆ ಬೀದಿ ಕೊನೆಯ ಕ್ಲಿನಿಕ್ಕಿಗೆ ಓಡಿದಳು. ಬಟ್ಟೆ ಬಿಚ್ಚಬಾರದೆಂದು ತಮ್ಮ ಹೇಳಿದ್ದನ್ನು ಮಾತ್ರ ಮರೆಯದೆ ಪಾಲಿಸಿದ್ದಳು.

ಕ್ಲಿನಿಕ್ಕಿನ ಡಾಕ್ಟರ್ ಮಗುವಿನ ಎದೆಗೆ ಸ್ಟೆತಸ್ಕೋಪ್ ಇಟ್ಟು ನೋಡಿ, ಬಟ್ಟೆ ಬಿಚ್ಚಿದ. ಚೀಲದೊಳಗೆ ಮೊಗ್ಗಿನಷ್ಟಿರಬೇಕಾದ ಕರುಳು ಬೆರಳುದ್ದ ಹೊರಗೆ ಬಂದು, ಊದಿ, ಕಡುಗೆಂಪಾಗಿತ್ತು. ಅಕ್ಕ ಅದನ್ನು ನೋಡಿ, ಕರುಳೇ ಕಿತ್ತು ಬಂದಿದೆ ಎಂದುಕೊಂಡು ಗೋಡೆ ಹಿಡಿದು ಕುಸಿದು ಕೂತಳು.

"ಇದು ಯಾವ ಆಪರೇಷನ್ ಅಮ್ಮಾ? ಯಾಕೆ ಮಾಡಿದ್ದು? ಇದು ಯಾವಾಗಲೂ ಇಷ್ಟೇ ಹೊರಗೆ ಇರುತ್ತಾ?"

"ಹಾರ್ಟು, ಹಾರ್ಟಿನ ಆಪರೇಷನ್" ಎಂಬುದರ ಹೊರತು ಅವಳ ಬಾಯಿಂದ ಬೇರೆ ಮಾತು ಹೊರಡಲಿಲ್ಲ.

ಡಾಕ್ಟರ್ ಮಗುವಿನ ತಾಯಿಗೆ ಫೋನ್ ಮಾಡಿಸಿದ. ಬೇಕರಿಯಲ್ಲಿ ಕೆಲಸದ ಹೊತ್ತಿಗೆ ಫೋನ್ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವ ಪದ್ಧತಿ, ಅವಳು ಎತ್ತಲಿಲ್ಲ. ಆಮೇಲೆ ತಂದೆಗೆ ಮಾಡಿಸಿದ.

ಸಲೂನು ತುಂಬಿತ್ತು. ರೇಡಿಯೋ ಒಬ್ಬನ ಗಡ್ಡಕ್ಕೆ ನೊರೆ ಹಚ್ಚುತ್ತಿದ್ದ, ಎರಡು ಕೈಯೂ ನೊರೆ. ಬೆಂಚಿನ ಮೇಲಿದ್ದ ತಕ್ಕಡಿ, "ಅಕ್ಕ ಫೋನ್ ಮಾಡ್ತಿದ್ದಾಳೆ ನೋಡು" ಎನ್ನುತ್ತಾ ಫೋನ್ ಎತ್ತಿ, ಸ್ಪೀಕರ್ ಒತ್ತಿ ಕನ್ನಡಿ ಮುಂದಿಟ್ಟ.

"ಮಗುವಿನ ತಂದೆನಾ? ನಾನು ಕ್ಲಿನಿಕ್ ಡಾಕ್ಟರ್. ನಿಮ್ಮ ಮಗು ಇಲ್ಲಿದೆ, ವಾಂತಿ ಆಗ್ತಿದೆ. ಹೊಟ್ಟೆ ಮೇಲೆ ಕರುಳಿನ ಬಾಯಿ ಮಾಡಿದ್ದಾರಲ್ಲ, ಅದು ಹೊರಗೆ ಬಂದಿದೆ. ಯಾತಕ್ಕೆ ಮಾಡಿದ್ದು? ನಿಮ್ಮಕ್ಕ ಹಾರ್ಟು ಅಂತಾರೆ, ನನಗೆ ಅರ್ಥ ಆಗ್ತಿಲ್ಲ."

ಕನ್ನಡಿಯಲ್ಲಿ ಎಲ್ಲರ ಮುಖವೂ ಕಾಣುತ್ತಿತ್ತು, ಎಲ್ಲರೂ ಅವನನ್ನೇ ನೋಡುತ್ತಿದ್ದರು. ಫೋನನ್ನು ಎತ್ತಿಕೊಂಡು ಹೊರಗೆ ಓಡಬಹುದಿತ್ತು. ಕೈ ಒದ್ದೆಯಿತ್ತು, ನಿಂತಲ್ಲೇ ನಿಂತ.

"ಹಲೋ, ಕೇಳಿಸ್ತಿದ್ಯಾ? ಬೇಗ ಹೇಳಿ."

"ಹುಟ್ಟಿದಾಗ ಅವನಿಗೆ ಮಲದ್ವಾರ ಇರಲಿಲ್ಲ" ಎಂದ ರೇಡಿಯೋ. ಧ್ವನಿ ಅವನದೆಂದು ಅವನಿಗೇ ಅನ್ನಿಸಲಿಲ್ಲ. "ಅದಕ್ಕೆ ಮಾಡಿದ್ದು. ಹಾರ್ಟಿಗಲ್ಲ."

"ಸರಿ, ಗೊತ್ತಾಯ್ತು. ಈಗ ಹೇಳಿ. ಆ ಕರುಳು ದಿನಾ ಎಷ್ಟು ಹೊರಗೆ ಇರುತ್ತೆ? ಇಷ್ಟುದ್ದ ಮುಂಚೆ ಯಾವತ್ತಾದ್ರೂ ಬಂದಿತ್ತಾ? ಬಣ್ಣ ಹೇಗಿರುತ್ತೆ ಮಾಮೂಲಿಯಾಗಿ? ಚೀಲಕ್ಕೆ ಮಲ ಬಂದು ಎಷ್ಟು ಹೊತ್ತಾಯ್ತು?"

ಅವನು ಬಾಯಿ ತೆರೆದ. ಆಸ್ಪತ್ರೆಯಲ್ಲಿ ಒಂದು ಸಲ ನೋಡಿ ಮುಖ ತಿರುಗಿಸಿದ್ದು ಬಿಟ್ಟರೆ, ಅಷ್ಟು ತಿಂಗಳಲ್ಲಿ ಅವನು ತನ್ನ ಮಗನ ಹೊಟ್ಟೆಯನ್ನು ನೋಡಿರಲೇ ಇಲ್ಲ.

"ನನಗೆ... ಗೊತ್ತಿಲ್ಲ ಡಾಕ್ಟರೇ."

"ನೀವು ತಂದೆ ತಾನೇ?"

"ಹೌದು."

"ದಿನಾ ನೋಡ್ತೀರಲ್ಲ?"

"ಇಲ್ಲ" ಎಂದ. "ನೋಡಿಲ್ಲ."

ಮಲದ್ವಾರ ಎಂಬ ಮಾತನ್ನು ಹತ್ತು ಜನರ ನಡುವೆ ಆಡುವಾಗ ಆಗದಿದ್ದ ನಾಚಿಕೆ ಈ ಒಂದು ಮಾತಿಗೆ ಆಯಿತು. ಕಿವಿ, ಕುತ್ತಿಗೆ, ಮುಖವೆಲ್ಲ ಕಾದ ಹಂಚಿನಂತೆ ಸುಡತೊಡಗಿತು. ಕುರ್ಚಿಯಲ್ಲಿದ್ದವನು ಅರ್ಧ ಗಡ್ಡದ ನೊರೆಯನ್ನು ತಾನೇ ಒರೆಸಿಕೊಂಡು ಎದ್ದು ಪಕ್ಕಕ್ಕೆ ನಿಂತ. ತಕ್ಕಡಿ ಬೆಂಚಿನಿಂದ ಇಳಿದು, "ನನ್ನ ಬೈಕ್ ಇದೆ, ನಡಿ. ಅಂಗಡಿ ಇವರು ನೋಡ್ಕೊಳ್ತಾರೆ" ಎಂದ.

ಬೇಕರಿಯ ಮುಂದೆ ಬೈಕ್ ನಿಲ್ಲಿಸಿ ಹೆಂಡತಿಯನ್ನು ಕೂಗಿದರು. ಅವಳು ತಲೆಗೆ ಹಾಕಿದ್ದ ಬಿಳಿ ಟೋಪಿಯಲ್ಲೇ ಓಡಿ ಬಂದಳು. ಕ್ಲಿನಿಕ್ಕಿನಲ್ಲಿ ಡಾಕ್ಟರ್ ಕೇಳಿದ ಪ್ರಶ್ನೆಗಳಿಗೆಲ್ಲ ಅವಳು ತಡವರಿಸದೆ ಉತ್ತರ ಕೊಟ್ಟಳು. ದಿನವೂ ಹೆಬ್ಬೆರಳ ತುದಿಯಷ್ಟೇ ಇರುತ್ತದೆ, ತಿಳಿಗೆಂಪು ಬಣ್ಣ. ಬೆಳಿಗ್ಗೆ ತಾನು ಚೀಲ ಖಾಲಿ ಮಾಡಿದಾಗ ಸರಿಯಿತ್ತು, ಆಮೇಲೆ ಚೀಲಕ್ಕೆ ಮಲ ಬಂದ ಹಾಗಿಲ್ಲ. ಡಾಕ್ಟರ್ ತಕ್ಷಣ ಸರ್ಜನ್‌ಗೆ ಫೋನ್ ಮಾಡಿ, ಒದ್ದೆ ಬಟ್ಟೆ ಹೊದಿಸಿ, ಆಂಬುಲೆನ್ಸ್ ತರಿಸಿದ. ಆಂಬುಲೆನ್ಸಿನಲ್ಲಿ ಹೆಂಡತಿಯ ತೊಡೆಯ ಮೇಲೆ ಮಗು, ಪಕ್ಕದಲ್ಲಿ ಅಕ್ಕ, ಎದುರಿಗೆ ಅವನು. ಈ ಸಲ ಅವನು ಕಣ್ಣು ತಪ್ಪಿಸಲಿಲ್ಲ. ಆಸ್ಪತ್ರೆ ಬರುವವರೆಗೂ ಅದನ್ನೇ ನೋಡುತ್ತಾ ಕೂತ.

ಸರ್ಜನ್ ಊತ ಇಳಿಯುವವರೆಗೆ ತಂಪು ಪಟ್ಟಿ ಇಟ್ಟು, ಮಗುವಿಗೆ ನೋವು ಕಾಣದಂತೆ ಔಷಧಿ ಕೊಟ್ಟು, ಬೆರಳಿನಿಂದ ಮೆಲ್ಲಮೆಲ್ಲಗೆ ಒತ್ತಿ ಕರುಳನ್ನು ಒಳಗೆ ಕಳಿಸಿದಳು. ತಾಳ್ಮೆಯ ಕೆಲಸ. ಮುಗಿದ ಮೇಲೆ ಹೊರಗೆ ಬಂದು, "ಪುಣ್ಯಕ್ಕೆ ಕಪ್ಪಾಗಿರಲಿಲ್ಲ. ಇನ್ನೂ ತಡವಾಗಿದ್ರೆ ಆ ಭಾಗ ಕತ್ತರಿಸಬೇಕಾಗ್ತಿತ್ತು" ಎಂದಳು. ಬಿಚ್ಚಿಟ್ಟಿದ್ದ ಉದ್ದ ಬಟ್ಟೆಯ ಕಡೆ ಕೈ ತೋರಿಸಿ, "ಮಕ್ಕಳು ಅತ್ತು ತಿಣುಕಿದಾಗ ಹೀಗಾಗೋದು ಉಂಟು. ಆದ್ರೆ ಇದನ್ನ ಇಷ್ಟು ಬಿಗಿಯಾಗಿ ಯಾಕೆ ಕಟ್ಟಿದ್ರಿ?" ಎಂದು ಕೇಳಿದಳು.

ಹೆಂಡತಿ ಬಾಯಿ ತೆರೆಯುವ ಮೊದಲೇ ರೇಡಿಯೋ, "ನಾನು ಕಟ್ಟಿಸಿದ್ದು" ಎಂದ.

"ಯಾಕೆ?"

"ಕಾಣಬಾರದು ಅಂತ."

ಸರ್ಜನ್ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ. "ಇನ್ನು ಮೇಲೆ ಬೇಡ" ಎಂದಷ್ಟೇ ಹೇಳಿ ಒಳಗೆ ಹೋದಳು.

ಅಕ್ಕ ಮಾತ್ರ ಬಿಡಲಿಲ್ಲ. ಆಸ್ಪತ್ರೆಯ ಉದ್ದನೆಯ ಬೆಂಚಿನ ಮೇಲೆ ಬರಿಗಾಲಿನಲ್ಲಿ ಕೂತು ಅವಳು ಅಳುತ್ತಿದ್ದಳು. ತಮ್ಮ ಹತ್ತಿರ ಹೋಗಿ ಕೂತಾಗ ಸರಿದು ಕೂತಳು.

"ನಿನ್ನ ಕುಂಡೆ ತೊಳೆದು ಬೆಳೆಸಿದವಳು ನಾನು. ನನ್ನ ಹತ್ರ ಹೇಳೋಕೆ ನಿನಗೆ ನಾಚಿಕೆ ಆಯ್ತೇನೋ?"

"ತಪ್ಪಾಯ್ತು ಅಕ್ಕ."

"ಮಗೂನ ನನ್ನ ಕೈಗೆ ಕೊಟ್ಟು, ಬಿಚ್ಚಬೇಡ ಅಂದೆ. ನಾನು ಕುರುಡಿ ಥರ ಎತ್ಕೊಂಡು ಕೂತಿದ್ದೆ. ಅದೇನಾದ್ರೂ ನನ್ನ ಕೈಲೇ ಹೋಗಿದ್ದಿದ್ರೆ? ನಾನು ಬದುಕಿರ್ತಿದ್ನಾ?"

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ನೀನಾದರೂ ಹೇಳಬಾರದಿತ್ತೇ ಎಂಬಂತೆ ತಮ್ಮನ ಹೆಂಡತಿಯ ಕಡೆ ನೋಡಿದಳು. ಹೆಂಡತಿ, "ನಾನೂ ಸುಮ್ಮನಿದ್ದೆ ಅತ್ತಿಗೆ. ನಂದೂ ಅಷ್ಟೇ ತಪ್ಪಿದೆ" ಎಂದಳು.

ಮನೆಗೆ ಬಂದ ದಿನ, ಚೀಲ ಬದಲಿಸುವ ಹೊತ್ತಿಗೆ ರೇಡಿಯೋ ಕೈ ತೊಳೆದು ಬಂದು ಹೆಂಡತಿಯ ಪಕ್ಕ ಕೂತ. "ಹೇಳಿಕೊಡು" ಎಂದ. ಅವಳು ಒಂದು ಕ್ಷಣ ಅವನ ಮುಖ ನೋಡಿ, ಕತ್ತರಿಯನ್ನು ಅವನ ಕೈಗೆ ಕೊಟ್ಟಳು. ಬಿಲ್ಲೆಯ ತೂತು ಮೊದಲ ಸಲ ದೊಡ್ಡದಾಯಿತು, ಚೀಲ ಸೋರಿ ಹಾಸಿಗೆಯೆಲ್ಲ ಹಾಳಾಯಿತು. ಅಕ್ಕ, "ಊರ ತಲೆಯೆಲ್ಲ ಕತ್ತರಿಸ್ತಾನೆ, ಒಂದು ದುಂಡಗಿನ ತೂತು ಕತ್ತರಿಸೋಕೆ ಬರಲ್ಲ" ಎಂದಳು. ಅವಳು ಅವನೊಡನೆ ಮತ್ತೆ ಮಾತಾಡಿದ್ದು ಅದೇ ಮೊದಲು. ಅವನು ಹಾಸಿಗೆ ಒಗೆಯಲು ಎದ್ದ.

ಸಲೂನಿಗೆ ಹೋಗುವುದು ಅದಕ್ಕಿಂತ ಕಷ್ಟವಾಯಿತು. ಶಟರ್ ಎತ್ತಿದಾಗ ಬೆಂಚಿನವರು ಒಬ್ಬೊಬ್ಬರಾಗಿ ಬಂದು ಕೂತರು. ಯಾರೂ ಆ ಮಾತೆತ್ತಲಿಲ್ಲ. ಮಗು ಹೇಗಿದೆ ಎಂದು ಕೇಳಿ, ಉತ್ತರ ಬರುವಷ್ಟರಲ್ಲಿ ಪೇಪರಿಗೆ ಕಣ್ಣು ಹಾಕಿದರು. ಬೇಕರಿ ಯಜಮಾನ ಮಾತ್ರ, "ನನ್ನ ಎದೆ ಬಿಚ್ಚಿ ತೋರಿಸಿದ್ನಲ್ಲಯ್ಯಾ ನಿನಗೆ. ಆಗ್ಲಾದ್ರೂ ಹೇಳಬಾರದಿತ್ತಾ" ಎಂದು ಬೇಸರಪಟ್ಟುಕೊಂಡ. ತನ್ನ ಬೆನ್ನ ಹಿಂದೆ ಏನು ಹೆಸರು ಹುಟ್ಟಿದೆಯೋ ಎಂದು ರೇಡಿಯೋ ಬಹಳ ದಿನ ಕಿವಿ ನಿಮಿರಿಸಿಕೊಂಡೇ ಇದ್ದ. ಯಾವ ಹೆಸರೂ ಕಿವಿಗೆ ಬೀಳಲಿಲ್ಲ. ಇಟ್ಟಿರಲಿಲ್ಲವೋ, ಅವನೆದುರು ಆಡಲಿಲ್ಲವೋ, ಅವನಿಗೆ ತಿಳಿಯಲೇ ಇಲ್ಲ. ಅವನ ಬಾಯಿಂದಲೂ ಹೊಸ ಹೆಸರು ಹೊರಡಲಿಲ್ಲ. ಮಾತು ಕಡಿಮೆಯಾಗಿದೆ ಎಂದು ಕೆಲವರು ಬೇರೆ ಸಲೂನಿಗೆ ಹೋದರು.

ಮಗುವಿಗೆ ಹಲ್ಲು ಮೂಡುವ ಹೊತ್ತಿಗೆ ಎರಡನೆಯ ಆಪರೇಷನ್ ಆಯಿತು. ಸರ್ಜನ್ ಮೂತ್ರನಾಳದ ಕಡೆ ಹೋಗಿದ್ದ ದಾರಿಯನ್ನು ಬಿಡಿಸಿ, ಕರುಳನ್ನು ಇರಬೇಕಾದ ಜಾಗಕ್ಕೆ ತಂದು, ಸುತ್ತಲ ಸ್ನಾಯುಗಳ ನಡುವೆ ಕೂರಿಸಿ ದ್ವಾರ ಮಾಡಿದಳು. ಆಮೇಲೆ ಬಂದದ್ದು ಮನೆಯವರ ಪಾಲಿನ ಕೆಲಸ. ಹೊಸ ದ್ವಾರ ಗಾಯದಂತೆ ಕೂಡಿಕೊಂಡುಬಿಡದ ಹಾಗೆ, ನುಣುಪಾದ ಲೋಹದ ಕಡ್ಡಿಗೆ ಜೆಲ್ಲಿ ಸವರಿ ದಿನವೂ ಅಗಲಿಸಬೇಕು, ವಾರ ವಾರ ಕಡ್ಡಿಯ ದಪ್ಪ ಹೆಚ್ಚಿಸಬೇಕು. ಚೀಲದ ಕೆಲಸವನ್ನು ಸಲೀಸಾಗಿ ಮಾಡುತ್ತಿದ್ದ ಹೆಂಡತಿ ಈ ಕಡ್ಡಿಯನ್ನು ಕೆಳಗಿಟ್ಟುಬಿಟ್ಟಳು. "ನನ್ನ ಕೈಲಿ ಆಗಲ್ಲ ಕಣ್ರೀ. ಅವನು ನನ್ನೇ ನೋಡ್ತಾ ಅಳ್ತಾನೆ" ಎಂದಳು.

ಆ ಕೆಲಸ ರೇಡಿಯೋ ಮಾಡಿದ. ಮಗು ಕಾಲು ಒದೆಯುತ್ತಿತ್ತು, ಕಿರುಚುತ್ತಿತ್ತು. ಅಕ್ಕ ಕಾಲು ಹಿಡಿಯುತ್ತಿದ್ದಳು. ಮಗು ಅಳುವಾಗ ಅವನು ಅದಕ್ಕೆ ಏನೇನೋ ಹೇಳುತ್ತಿದ್ದ. ಬೀದಿಯ ಸುದ್ದಿ, ಯಾರ ತಲೆ ಬೋಳಾಯಿತು, ಯಾರು ಕೂದಲಿಗೆ ಬಣ್ಣ ಹಚ್ಚಿಸಿದರು, ಬಾಯಿಗೆ ಬಂದದ್ದೆಲ್ಲ. ಸಲೂನಿನಲ್ಲಿ ನಿಂತುಹೋಗಿದ್ದ ಮಾತು ಅಲ್ಲಿ ಹೊರಡುತ್ತಿತ್ತು. ಮುಗಿದ ಮೇಲೆ ಮಗು ಬಿಕ್ಕುತ್ತಾ ಅವನ ಹೆಗಲಿಗೇ ಒರಗುತ್ತಿತ್ತು. ನೋಯಿಸಿದವನ ಹೆಗಲಿಗೇ ಒರಗುತ್ತದಲ್ಲ ಎಂದು ಅವನಿಗೆ ಪ್ರತಿ ಸಲವೂ ತಲೆ ತಗ್ಗುತ್ತಿತ್ತು.

ಮೂರನೆಯ ಆಪರೇಷನ್ನಿನಲ್ಲಿ ಹೊಟ್ಟೆಯ ಮೇಲಿನ ಬಾಯಿ ಮುಚ್ಚಿದರು. ಎದೆಯ ತೂತು ಅಷ್ಟರಲ್ಲಿ ಯಾರಿಗೂ ಹೇಳದೆ ಕೇಳದೆ ಮುಚ್ಚಿಹೋಗಿತ್ತು. ಮಗು ಮೊದಲ ಸಲ ಎಲ್ಲರಂತೆ ಕಕ್ಕ ಮಾಡಿದಾಗ ವಾರ್ಡಿನಲ್ಲಿ ಹೆಂಡತಿ ಅತ್ತಳು, ಅಕ್ಕ ನಕ್ಕಳು. ಸರ್ಜನ್ ಮುಂದಿನ ಮಾತನ್ನೂ ಮುಚ್ಚಿಡದೆ ಹೇಳಿದಳು. ಮಲಬದ್ಧತೆ ಕಾಡಬಹುದು. ಹಿಡಿದುಕೊಳ್ಳುವುದು ಬೇರೆ ಮಕ್ಕಳಿಗಿಂತ ತಡವಾಗಿ ಬರಬಹುದು. ಊಟವಾದ ಮೇಲೆ ಕೂರಿಸಿ ಅಭ್ಯಾಸ ಮಾಡಿಸಬೇಕು, ಬಟ್ಟೆ ಹಾಳಾದರೆ ಗದರಿಸಬಾರದು.

ಹುಡುಗ ಈಗ ಶಿಶುವಿಹಾರಕ್ಕೆ ಸೇರುವಷ್ಟು ದೊಡ್ಡವನು. ಸೇರಿಸಿದ ದಿನ ರೇಡಿಯೋ ಟೀಚರಿಗೆ ಹೇಳಬೇಕಾದ್ದನ್ನು ಮನೆಯಿಂದಲೇ ಮನಸ್ಸಿನಲ್ಲಿ ಜೋಡಿಸಿಕೊಂಡು ಹೊರಟ. ಗೇಟಿನ ಹತ್ತಿರ ಬರುವಷ್ಟರಲ್ಲಿ ಜೋಡಿಸಿದ್ದೆಲ್ಲ ಚೆಲ್ಲಾಪಿಲ್ಲಿಯಾಯಿತು. ಸಾಲಿನಲ್ಲಿ ಹಿಂದೆ ಬೇರೆ ತಂದೆತಾಯಿಗಳಿದ್ದರು. ಅವರಿಗೆ ಕೇಳದಿರಲೆಂದು ಮೇಜಿನ ಮೇಲೆ ಬಗ್ಗಿದ. ಬಗ್ಗಿದ್ದು ತಿಳಿದು ನೆಟ್ಟಗೆ ನಿಂತ.

"ಇವನು ಹುಟ್ಟಿದಾಗ ಮಲದ್ವಾರ ಇರಲಿಲ್ಲ ಟೀಚರ್. ಆಪರೇಷನ್ ಆಗಿ ಸರಿಹೋಗಿದೆ. ಆದ್ರೆ ಹೋಗಬೇಕು ಅಂದ ತಕ್ಷಣ ಬಿಡಬೇಕು. ಕೆಲವು ಸಲ ಬಟ್ಟೆಯಲ್ಲೇ ಆಗುತ್ತೆ."

ಟೀಚರ್ ಚಿಕ್ಕ ವಯಸ್ಸಿನವಳು. "ಬೇರೆ ಬಟ್ಟೆ ತಂದಿದ್ದೀರಾ? ಆ ಮೂಲೆ ಕಪಾಟಿನಲ್ಲಿ ಇಡಿ" ಎಂದಳು. ಅಷ್ಟೇ. ಬಟ್ಟೆಯ ಗಂಟನ್ನು ಕಪಾಟಿನಲ್ಲಿಟ್ಟು ಬರುವಾಗಲೂ ಅವನ ಕಿವಿ ಬಿಸಿಯಾಗಿತ್ತು. ಇಷ್ಟು ವರ್ಷವಾದರೂ ಹೋಗಲಿಲ್ಲವಲ್ಲ ಎಂದುಕೊಂಡ.

ಹೊರಗೆ ಜಾರುಬಂಡೆಯ ಹತ್ತಿರ ಒಬ್ಬಳು ಹುಡುಗಿ ತನ್ನ ಮಂಡಿಯ ತರಚು ಗಾಯವನ್ನು ಮಗನಿಗೆ ತೋರಿಸುತ್ತಿದ್ದಳು. ಮಗ ಅದನ್ನು ಬಗ್ಗಿ ನೋಡಿ, "ನಂದು ಇದಕ್ಕಿಂತ ದೊಡ್ಡದು" ಎಂದು ಅಂಗಿಯನ್ನು ಎದೆಯವರೆಗೂ ಎತ್ತಿ, ಹೊಟ್ಟೆಯ ಮೇಲಿನ ಗುರುತು ತೋರಿಸಿದ. ಅಂಗಿ ಇಳಿಸಲು ರೇಡಿಯೋನ ಕೈ ತಾನಾಗಿ ಮುಂದೆ ಹೋಯಿತು. ಅವನು ಆ ಕೈಯನ್ನು ಹಿಂದಕ್ಕೆಳೆದು ಜೇಬಿಗೆ ಹಾಕಿಕೊಂಡ.

"ನೋವಾಗುತ್ತಾ?" ಎಂದು ಕೇಳಿದಳು ಹುಡುಗಿ.

"ಇಲ್ಲ" ಎಂದ ಮಗ. "ಬೇಕಾದ್ರೆ ಮುಟ್ಟು."